ತುಟಿಯ ಕೆಳಗಿನ ಪುದೀನ

ಆ ದಿನ ನಿನ್ನ ಅಡುಗೆಯಲ್ಲಿ ಯಾವ ದೋಷವೂ ಇರಲಿಲ್ಲ, ಶಾಂತವ್ವ. ಅಖಾಡದಲ್ಲಿ ನಿನ್ನ ಗಂಡ ಭೀಮಣ್ಣನ ತಲೆ ಸುತ್ತಿದ್ದು, ಅವನು ವಾಂತಿ ಮಾಡಿಕೊಂಡದ್ದು ನನ್ನಿಂದ — ನಾನು ಅವನ ಬಾಯಿಗೆ ಕೊಟ್ಟ ತಂಬಾಕಿನಿಂದ. ಇಷ್ಟು ವರ್ಷ ಇದನ್ನು ನುಂಗಿಕೊಂಡು ಕೂತಿದ್ದೆ, ಈಗ ಬರೆಯುತ್ತಿದ್ದೇನೆ.

ಅವನು ಕನ್ನೊಳ್ಳಿಯವನು, ನಾನು ಹೊರ್ತಿಯವನು. ಸಿಂದಗಿಯ ಒಂದೇ ಗರಡಿಯಲ್ಲಿ, ಒಬ್ಬರೇ ವಸ್ತಾದರ ಕೈಯಲ್ಲಿ ಕುಸ್ತಿ ಕಲಿತು ಪಳಗಿದವರು. ಆದರೆ ಹಿಡಿದಾಗಲೆಲ್ಲ ಅವನೇ ನನ್ನನ್ನು ಚಿತ್ ಮಾಡುತ್ತಿದ್ದ. ಆ ಸಲ ಜಾತ್ರೆಯ ಕುಸ್ತಿಯಲ್ಲಿ ಗೆದ್ದವರಿಗೆ ಬೆಳ್ಳಿ ಕಡಗ ಇಟ್ಟಿದ್ದರು. ನನಗೆ ಅದು ಬೇಕಿತ್ತು — ಅಲ್ಲ, ಅವನು ಸೋಲುವುದು ಬೇಕಿತ್ತು.

ಸರಕು ಹಡಗಿನಲ್ಲಿ ಅಡುಗೆ ಮಾಡುವ ನನ್ನ ಚಿಕ್ಕಪ್ಪನ ಮಗ ರಜೆಗೆ ಬಂದಾಗ ಅಮೆರಿಕದ ತಂಬಾಕಿನ ಡಬ್ಬಿಗಳನ್ನು ತಂದಿದ್ದ. ಎದುರಿಗೆ ಸಾಲಾಗಿ ಇಟ್ಟು ಹೇಳಿದ: "ಇದು ಅವರ ಮುತ್ತ್ಯಾನ ಕಾಲದ ಮಾಲು. ಮೊದಲ ಬರೇ ನುಣ್ಣಗ ಹೆಚ್ಚಿದ್ದು ಒಂದ ಇತ್ತಂತ. ಆಮ್ಯಾಲ ಉದ್ದ ಎಳಿ ಬಂತು, ಪುದೀನದ್ದು ಬಂತು. ಈಗ ಸಣ್ಣ ಚೀಲದಾಗ ತುಂಬಿ ಕೊಡತಾರ. ಸೇದೂದಿಲ್ಲ, ಅಗಿಯೂದಿಲ್ಲ, ತುಟಿ ಕೆಳಗ ಇಟ್ಟರ ಸಾಕು."

ಪುದೀನದ ಚೀಲ ಒಂದನ್ನು ನಾನೇ ಇಟ್ಟು ನೋಡಿದ್ದೆ. ರಸ ಗಂಟಲಿಗೆ ಇಳಿದ ಸ್ವಲ್ಪ ಹೊತ್ತಿಗೆ ಗೋಡೆ ಹಿಡಿದು ಕೂತು ಕಾರಿಕೊಂಡೆ. ಅಂದರೆ — ಏನಾಗುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ನಮ್ಮಿಬ್ಬರ ಕುಸ್ತಿಗೆ ಮುಂಚೆ ಭೀಮಣ್ಣ ಲಂಗೋಟಿ ಬಿಗಿಯುತ್ತಿದ್ದ. ಎಲೆ, ಅಡಿಕೆ ಕೂಡ ಮುಟ್ಟದವನು. "ಪುದೀನ ಐತಿ, ಉಸಿರು ಬಿಚ್ಚತೈತಿ. ಉಗುಳಬ್ಯಾಡ, ರಸ ನುಂಗು," ಎಂದೆ. ಅದು ಏನೆಂದು ಅವನು ಕೇಳಲೂ ಇಲ್ಲ. ಬಾಯಿ ತೆರೆದ, ನಾನೇ ಚೀಲವನ್ನು ತುಟಿಯ ಕೆಳಗೆ ಇಟ್ಟೆ.

ಸ್ವಲ್ಪ ಹೊತ್ತಿಗೆ ಅಖಾಡದಲ್ಲಿ ಕೈಗೆ ಕೈ ತಾಗಿದಾಗಲೇ ಅವನ ಮೈ ತಣ್ಣಗಿತ್ತು, ಬೆವರು ಸುರಿಯುತ್ತಿತ್ತು. ಕಣ್ಣು ನನ್ನ ಮೇಲೆ ನಿಲ್ಲುತ್ತಿರಲಿಲ್ಲ. ಒಂದು ನೂಕಿಗೆ ಬೀಳುತ್ತಿದ್ದ, ಅಲ್ಲಿಗೆ ಮುಗಿಸಬಹುದಿತ್ತು. ಮುಗಿಸಲಿಲ್ಲ. ಎತ್ತಿ ಬಡಿದೆ. ಕೆಮ್ಮಣ್ಣಿನಲ್ಲಿ ಮುಖ ಒತ್ತಿ, ಕುತ್ತಿಗೆಯ ಮೇಲೆ ಮೊಣಕಾಲು ಊರಿ, ಅವನ ಬಲಗೈಯನ್ನು ಬೆನ್ನ ಹಿಂದೆ ತಿರುಚಿದೆ. ಅವನು ವಾಂತಿ ಮಾಡುತ್ತಿದ್ದ. ಸಾಕು ಎನ್ನಲು ಬಾಯಿಗೇ ಬಿಡುವಿರಲಿಲ್ಲ. ಇನ್ನೂ ತಿರುಚಿದೆ. ಮೊಣಕೈ ಮುರಿದ ಸದ್ದು ನನ್ನ ಅಂಗೈಗೆ ತಿಳಿಯಿತು. ವಸ್ತಾದರು ನನ್ನ ಕೂದಲು ಹಿಡಿದು ಎಳೆದ ಮೇಲೆಯೇ ಬಿಟ್ಟದ್ದು.

ದವಾಖಾನೆಯಿಂದ ಅವನನ್ನು ಮನೆಗೆ ಕರೆತಂದವನೂ ನಾನೇ. ನೀನು ಓಡಿ ಬಂದೆ. ಅವನು ಎಡಗೈಯಲ್ಲಿ ನಿನ್ನ ಜುಟ್ಟು ಹಿಡಿದ. "ಹಳಸಿದ್ದು ಹಾಕಿ ನನ್ನ ಮಣ್ಣಾಗ ಕೆಡವಿದಿ" ಎಂದು, ಜುಟ್ಟು ಬಿಟ್ಟು ಅದೇ ಕೈಯಿಂದ ಕೆನ್ನೆಗೆ, ಕಿವಿಗೆ ಹೊಡೆದ. ನೀನು ಹೊಸ್ತಿಲಿಗೆ ಬಿದ್ದೆ. ಅಲ್ಲಿಂದಲೇ ನನ್ನನ್ನು ನೋಡಿದೆ.

"ಅಣ್ಣಾರ, ನೀವರ ಹೇಳ್ರಿ. ನಸಕಿನ್ಯಾಗ ಎದ್ದು ಮಾಡಿದ ರೊಟ್ಟಿರಿ ಅವು."

ನಾನು ಹೇಳಿದ್ದು ನಿನಗೆ ನೆನಪಿರಬಹುದು. "ಹೊಟ್ಟಿ ಕೆಟ್ಟಂಗ ಇತ್ತು ನೋಡವ್ವ."

ಅಷ್ಟೇ. ಅವನು ಮತ್ತೆ ಹೊಡೆದ — ನನ್ನ ಮಾತಿನ ಮೇಲೆ ಹೊಡೆದ. ನಾನು ಔಷಧದ ಚೀಲ ಕಟ್ಟೆಯ ಮೇಲಿಟ್ಟು ಹೊರಟುಬಿಟ್ಟೆ.

ಅವನ ಕೈ ಮತ್ತೆ ನೆಟ್ಟಗಾಗಲಿಲ್ಲ. ವಸ್ತಾದರ ನಂತರ ಗರಡಿ ನನ್ನ ಪಾಲಿಗೆ ಬಂತು. ಜನ ಈಗ ನನ್ನನ್ನೇ ವಸ್ತಾದ ಎನ್ನುತ್ತಾರೆ. ಹೇಳಬೇಕು ಎಂದು ಎಷ್ಟೋ ಸಲ — ಇಲ್ಲ, ಅದೂ ಸುಳ್ಳು. ಹೇಳಬಾರದು ಎಂದೇ ಇದ್ದೆ.

ಹೋದ ತಿಂಗಳು ಸಿಂದಗಿ ಬಸ್‌ಸ್ಟ್ಯಾಂಡಿನಲ್ಲಿ ನೀನು ಸಿಕ್ಕೆ. ಆರಾಮ ಇದ್ದೀಯಾ ಎಂದು ನಾನು ಕೇಳಿದೆ. ನೀನು ಬಸ್ಸಿನ ದಾರಿ ನೋಡುತ್ತಲೇ ನಿಂತಿದ್ದೆ. ಮತ್ತೆ ಕೇಳಿದಾಗ ನೀನು ತಿರುಗಿ ನಕ್ಕು, "ಈ ಕಡಿ ಬಂದು ಮಾತಾಡ್ರಿ ಅಣ್ಣಾರ, ಆ ಕಿವಿ ಕೇಳಂಗಿಲ್ಲ" ಎಂದೆ. ಎಂದಿನಿಂದ ಎಂದು ನಾನು ಕೇಳಲಿಲ್ಲ. ಕೇಳಬೇಕಾಗಿರಲಿಲ್ಲ.

ಸೋಮವಾರ ಕನ್ನೊಳ್ಳಿಗೆ ಬರುತ್ತೇನೆ. ಭೀಮಣ್ಣನೂ ಮನೆಯಲ್ಲಿರಲಿ. ಅವನು ಏನು ಮಾಡಿದರೂ ನಾನು ಕೈ ಅಡ್ಡ ತರುವುದಿಲ್ಲ. ಆದರೆ ಇಲ್ಲಿ ಬರೆದದ್ದನ್ನೆಲ್ಲ ಮೊದಲು ನಿನಗೇ ಬಾಯಿಬಿಟ್ಟು ಹೇಳುತ್ತೇನೆ, ತಂಗಿ — ನಿನಗೆ ಕೇಳಿಸುವ ಕಡೆ ಕೂತು.