ಗೀಟಿಲ್ಲದ ಪುಟಗಳು

ವರ್ನಾ ಕೂಸಿಸ್ಟೊ ಮಂಗಳವಾರ ಬೆಳಿಗ್ಗೆ ಥಂಡರ್ ಬೇ ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡರು. ಹೃದಯದ ಕಾಯಿಲೆ.

ಬಂಡೆಗಳ ಮೇಲೆ ಬೆಳೆಯುವ ಕಲ್ಲುಹೂವಿನ ಬಗ್ಗೆ ಜೀವಮಾನವೆಲ್ಲ ಓದಿದವರು, ವಿಶ್ವವಿದ್ಯಾಲಯದಲ್ಲಿ ಕಲಿಸಿದವರು. ಫಿನ್‌ಲ್ಯಾಂಡಿನಿಂದ ಬಂದ ತಂದೆ ಮರ ಕಡಿಯುವ ಶಿಬಿರಗಳಲ್ಲಿ ದುಡಿದಿದ್ದರು. ಕೆಲಸ ಸರಿಯಾಗಿದ್ದರೆ ಆ ಮನೆಯಲ್ಲಿ ಯಾರೂ ಬಾಯಿ ತೆರೆಯುತ್ತಿರಲಿಲ್ಲ. ತಪ್ಪಾದರೆ ಮಾತ್ರ ಮಾತು. ಶಿಷ್ಯರ ಬರಹವನ್ನೂ ವರ್ನಾ ಹಾಗೆಯೇ ತಿದ್ದುತ್ತಿದ್ದರು. ತಪ್ಪಿದ್ದಲ್ಲಿ ಪೆನ್ಸಿಲ್ ಗೀಟು. ಸರಿಯಿದ್ದ ಪುಟ ಖಾಲಿ. ಇದನ್ನು ಹೇಳಬೇಕೆಂದು ಅವರಿಗೆ ಹೊಳೆದೇ ಇರಲಿಲ್ಲ.

ಕೊನೆಯ ಶಿಷ್ಯ ಡಾರ್ಸಿ ಬಾಯ್ಕೊ, ಖಾಲಿ ಪುಟಗಳನ್ನು ಇವರು ಓದಿಯೇ ಇಲ್ಲವೆಂದುಕೊಂಡ. ಓದುವಷ್ಟು ಚೆನ್ನಾಗಿಲ್ಲವೇನೋ ಎಂದು ಅವನ್ನೇ ಹೊಸದಾಗಿ ಬರೆದು ತಂದ. ಚೆನ್ನಾಗಿದ್ದದ್ದು ಕೆಟ್ಟಿತು. ವರ್ನಾ ಗೀಟು ಹಾಕಿದರು. ಹೀಗೆ ಎರಡು ಚಳಿಗಾಲ ಕಳೆದರೂ ಪ್ರಬಂಧದ ಕೊನೆಯ ಅಧ್ಯಾಯ ಮುಗಿಯಲಿಲ್ಲ. ಈ ಬೇಸಿಗೆಯೊಳಗೆ ಸಲ್ಲಿಸದಿದ್ದರೆ ಡಾರ್ಸಿಗೆ ಪದವಿ ಇಲ್ಲ.

ಮಾರ್ಚ್‌ನಲ್ಲಿ ವರ್ನಾಗೆ ತಡೆಯಲಾಗಲಿಲ್ಲ.

"ಅಲ್ಲಯ್ಯಾ, ಸರಿಯಾಗಿರೋದನ್ನೇ ಯಾಕೆ ಕೆಡಿಸ್ತೀಯ?"

"ಸರಿಯಾಗಿದೆ ಅಂತ ನೀವು ಯಾವತ್ತು ಹೇಳಿದ್ರಿ, ವರ್ನಾ?"

"ಗೀಟು ಹಾಕಿರಲಿಲ್ವಲ್ಲ!"

"ಓದಿಲ್ಲ ಅಂದ್ಕೊಂಡೆ. ನಿಮಗಿಂತ ನಿಮ್ಮ ಕಲ್ಲುಹೂವೇ ವಾಸಿ. ವರ್ಷಕ್ಕೊಂದು ಕೂದಲೆಳೆಯಷ್ಟಾದ್ರೂ ಬೆಳೆಯುತ್ತೆ. ನಿಮ್ಮ ಬಾಯಿಂದ ಅಷ್ಟೂ ಬರಲ್ಲ."

ಅಂದು ಸಂಜೆ ಗೆಳತಿ ಐಲಾಳ ಅಡುಗೆಮನೆಯಲ್ಲಿ ಏಲಕ್ಕಿ ಬ್ರೆಡ್ಡನ್ನು ಕಾಫಿಗೆ ಅದ್ದಿ, ತಿನ್ನುವುದನ್ನು ಮರೆತು ವರ್ನಾ ಸಿಡುಕಿದರು.

"ಓದದೇ ವಾಪಸ್ ಕೊಡ್ತೀನಾ? ಒಂದೊಂದು ಸಾಲೂ ಎರಡೆರಡು ಸಲ ಓದಿದೀನಿ ಕಣೆ!"

"ಅದನ್ನ ಅವನಿಗೆ ಹೇಳು. ನನಗೆ ಹೇಳಿ ಏನು ಬಂತು? ನೋಡು, ಬ್ರೆಡ್ಡು ಕಪ್ಪಲ್ಲೇ ಕರಗಿಹೋಯ್ತು."

ಏಪ್ರಿಲ್‌ನಲ್ಲಿ ಆಸ್ಪತ್ರೆಗೆ ಸೇರಿದಾಗ ಆ ಅಧ್ಯಾಯವನ್ನೂ ಜೊತೆಗೆ ಒಯ್ದರು.

ಈಗ ಅದು ಡಾರ್ಸಿಯ ಕೈಯಲ್ಲಿದೆ. ಮೊದಲರ್ಧದ ಪ್ರತಿ ಪುಟದ ಕೆಳಗೂ ವರ್ನಾರ ಪೆನ್ಸಿಲ್ ಅಕ್ಷರದಲ್ಲಿ "ಓದಿದೆ, ಸರಿಯಿದೆ" ಎಂದಿದೆ. ಉಳಿದರ್ಧ ಖಾಲಿ.

"ಇವನ್ನ ಓದಿದ್ರಾ, ಇಲ್ವಾ? ಈಗ ಯಾರನ್ನ ಕೇಳ್ಲಿ?" ಎಂದು ಅವನು ಐಲಾಳನ್ನು ಕೇಳಿದ.

ಸಾವಿನ ಹಿಂದಿನ ದಿನ, ಸೋಮವಾರ ಮಧ್ಯಾಹ್ನ, ಐಲಾ ಆಸ್ಪತ್ರೆಯಲ್ಲಿ ವರ್ನಾರ ಪಕ್ಕದಲ್ಲೇ ಕೂತಿದ್ದಳು. ವರ್ನಾ ಇಡೀ ಅಧ್ಯಾಯವನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಮುಂದೆ ತಿರುವುತ್ತಿದ್ದರು. ಒಂದು ಪುಟದ ಕೆಳಗೆ ಬರೆದರು, ಪೆನ್ಸಿಲ್ ಮೊಂಡಾಯಿತೆಂದು ಗೊಣಗಿದರು, ಅದನ್ನು ಚೂಪು ಮಾಡಿ ತರಲು ಐಲಾಳ ಕೈಗೆ ಕೊಟ್ಟರು. ಅವಳು ಅದನ್ನು ಮರಳಿ ತರುವಷ್ಟರಲ್ಲಿ ಮಂಗಳವಾರವಾಗಿತ್ತು.