ಭೋಜಣ್ಣ ಅಳಿಸದೆ ಬಿಟ್ಟ ಸಾಲು

ಭೋಜಣ್ಣ ಕೂಗಿದರೆ ಕುರ್ಲಾ ಸ್ಟೇಷನ್ನಿನ ಅನೌನ್ಸ್‌ಮೆಂಟು ಕೇಳಿಸುವುದಿಲ್ಲ ಎಂದು ನಮ್ಮ ಹೋಟೆಲಿನವರು ಹೇಳುತ್ತಿದ್ದರು. ಅದು ಸ್ವಲ್ಪ ಹೆಚ್ಚಾಯಿತು. ಆದರೆ ಗ್ರೈಂಡರು, ಎಕ್ಸಾಸ್ಟ್ ಫ್ಯಾನು, ಹೊರಗಿನ ರಿಕ್ಷಾಗಳ ಹಾರ್ನು ಎಲ್ಲವನ್ನೂ ಸೀಳಿಕೊಂಡು ಆ ಧ್ವನಿ ದೋಸೆ ಕಾವಲಿಯ ತನಕ ನೆಟ್ಟಗೆ ಹೋಗುತ್ತಿದ್ದದ್ದು ನಿಜ. "ಒಂದ್ ಮಸಾಲೆ ಕಡಕ್, ಎರಡ್ ಇಡ್ಲಿ ಮುಳುಗಿಸಿ, ಒಂದ್ ಉಪ್ಮಾ, ಅಜ್ಜನಿಗೆ ಮೆಣಸು ತೆಗೆದು." ಒಳಗಿನ ಭಟ್ಟರು ಉತ್ತರ ಕೊಡುತ್ತಿರಲಿಲ್ಲ. ಭೋಜಣ್ಣ ಕೂಗಿದ್ದು ಕೇಳಿಸಿತೇ ಎಂದು ಯಾರೂ ಯಾರನ್ನೂ ಕೇಳಬೇಕಾಗಿರಲಿಲ್ಲ.

ನಾನು ಬೈಂದೂರು ಕಡೆಯಿಂದ ಬಂದು ಆ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದವನು. ಇವತ್ತು ನನಗೆ ವ್ಯಾಪಾರ ಗೊತ್ತಿದ್ದರೆ ಅದು ಅವರಿಂದ. ದಾದರಿನ ತರಕಾರಿ ಮಾರ್ಕೆಟ್ಟಿಗೆ ಹೋಗುವಾಗ ನನ್ನನ್ನು ಕರೆದುಕೊಂಡು ಹೋಗುತ್ತಿದ್ದರು. ಹೋಟೆಲಿನಲ್ಲಿ ಅಷ್ಟು ಬಾಯಿ ಮಾಡುವ ಮನುಷ್ಯ ಅಲ್ಲಿ ಬೆಲೆ ಕೇಳಿ ಸುಮ್ಮನೆ ನಿಲ್ಲುತ್ತಿದ್ದರು. ವ್ಯಾಪಾರಿ ಬೆಲೆ ಹೇಳಿದ. ಇವರು ತೆಂಗಿನಕಾಯಿ ತಿರುಗಿಸಿ ನೋಡಿದರು. ವ್ಯಾಪಾರಿ ತಾನಾಗಿ ಇಳಿಸಿದ. ಇವರು ಆಕಾಶ ನೋಡಿದರು. ಅವನು ಇನ್ನೂ ಇಳಿಸಿದ. ಹಿಂದೆ ಬರುವಾಗ ಲೋಕಲ್ ರೈಲಿನ ಬಾಗಿಲಲ್ಲಿ ಮೂಟೆಯ ಮೇಲೆ ಕೂತು ನನಗೆ ಹೇಳಿದರು: "ಜಗ್ಗು, ಗಿರಾಕಿಯ ಹತ್ರ ಬಾಯಿ ಬಿಡ್ಬೇಕು, ವ್ಯಾಪಾರಿಯ ಹತ್ರ ಮುಚ್ಚಬೇಕು. ನೀನು ಉಲ್ಟಾ ಮಾಡ್ತಿ, ಅದಕ್ಕೇ ನಿನಗೆ ಕೊಳೆತ ಬದನೆ ಸಿಗುವುದು."

ನಾನು ಆಮೇಲೆ ಹೋಟೆಲು ಬಿಟ್ಟೆ. ಹಳೆಯ ಕಂಪ್ಯೂಟರ್ ಬಿಚ್ಚುವುದು, ಜೋಡಿಸುವುದು ಕಲಿತೆ. ಕುರ್ಲಾದಲ್ಲೇ ಒಂದು ಗೋಡೆಯಷ್ಟು ಅಗಲದ ಅಂಗಡಿ ಮಾಡಿದೆ. ಇದನ್ನು ಓದುವವರಲ್ಲಿ ಯಾರಾದರೂ ಹಳೆ ಲ್ಯಾಪ್‌ಟಾಪ್ ಕೊಳ್ಳುವವರಿದ್ದರೆ ಕೇಳಿ: ಮೇಲಿನ ಹೊಳಪು ನೋಡಬೇಡಿ, ಅದು ನಮ್ಮ ಕೈಚಳಕ. ಮುಚ್ಚಳವನ್ನು ತೆರೆದು ಮುಚ್ಚಿ ಕೀಲು ನೋಡಿ, ಒಂದೊಂದು ಕೀಯನ್ನೂ ಒತ್ತಿ ನೋಡಿ. ಭೋಜಣ್ಣನಿಗೆ ನಾನು ಕೊಟ್ಟ ಲ್ಯಾಪ್‌ಟಾಪನ್ನು ನಾನೇ ಹಾಗೆ ಒತ್ತಿ ನೋಡಿ ಕೊಟ್ಟಿದ್ದೆ. ಅದರಲ್ಲಿ ದೋಷವಿರಲಿಲ್ಲ.

ಅವರಿಗೆ ಅದು ಬೇಕಾಗಿ ಬಂದದ್ದು ಗಂಟಲು ಹೋದ ಮೇಲೆ. ಎಲೆ ಅಡಿಕೆ ಹೊಗೆಸೊಪ್ಪಿನ ಅಭ್ಯಾಸ. ಪರೇಲಿನ ಆಸ್ಪತ್ರೆಯಲ್ಲಿ ಧ್ವನಿಪೆಟ್ಟಿಗೆಯನ್ನು ತೆಗೆದರು. ಕುತ್ತಿಗೆಯಲ್ಲಿ ಉಸಿರಾಟಕ್ಕೊಂದು ತೂತು, ಅದರ ಮೇಲೆ ತೆಳು ಬಟ್ಟೆ. ಗಂಟಲಿಗೆ ಒತ್ತಿ ಹಿಡಿದರೆ ಗುಂಯ್ ಎಂದು ಮಾತು ಬರುವ ಯಂತ್ರವೊಂದನ್ನು ಕೊಟ್ಟಿದ್ದರು. ಹೋಟೆಲಿಗೆ ಬಂದ ಮಗುವೊಂದು ಅದಕ್ಕೆ ಹೆದರಿ ಅತ್ತಿತು. ಭೋಜಣ್ಣ ಅದನ್ನು ಡ್ರಾಯರಿನಲ್ಲಿಟ್ಟವರು ಮತ್ತೆ ತೆಗೆಯಲಿಲ್ಲ. ಚಿಕ್ಕ ಧಣಿ, ಅಂದರೆ ಹೋಟೆಲು ಕಟ್ಟಿದವರ ಮಗ, ಒಳ್ಳೆಯವರು. ಭೋಜಣ್ಣನನ್ನು ಗಲ್ಲದಲ್ಲಿ, ಅಂದರೆ ಬಿಲ್ಲಿನ ದುಡ್ಡು ತೆಗೆದುಕೊಳ್ಳುವ ಮೇಜಿನಲ್ಲಿ, ಕೂರಿಸಿದರು. ಮಲಗುವುದು ಎಂದಿನಂತೆ ಮೇಲಿನ ಮಾಳಿಗೆಯಲ್ಲಿ, ಉಳಿದ ಕೆಲಸದವರ ಜೊತೆ.

ಫೋನಿನಲ್ಲಿ ಬರೆದು ತೋರಿಸಿ ಎಂದರೆ ಅವರ ದಪ್ಪ ಬೆರಳಿಗೆ ಒಂದು ಅಕ್ಷರ ಒತ್ತಿದರೆ ಮೂರು ಬೀಳುತ್ತಿತ್ತು. ನಾನು ಕೀಗಳ ಮೇಲೆ ಕನ್ನಡ ಅಕ್ಷರದ ಸ್ಟಿಕ್ಕರ್ ಅಂಟಿಸಿ ಒಂದು ಲ್ಯಾಪ್‌ಟಾಪ್ ತಂದುಕೊಟ್ಟೆ. ಅದರಲ್ಲಿ ನೋಟ್ಸ್ ಬರೆಯುವ ಸಾದಾ ಆಪ್ ಒಂದೇ. ಬಣ್ಣವಿಲ್ಲ, ಬಟನ್ನುಗಳ ಸಂತೆಯಿಲ್ಲ. ತೆರೆದರೆ ಬಿಳಿ ಹಾಳೆ, ಬರೆದದ್ದು ತಾನಾಗಿ ಉಳಿಯುತ್ತದೆ. ಅಕ್ಷರವನ್ನು ದೂರದಿಂದಲೂ ಓದುವಷ್ಟು ದೊಡ್ಡದು ಮಾಡಿಟ್ಟೆ. ಅವರು ಒಂದೊಂದೇ ಅಕ್ಷರ ಹುಡುಕಿ ಒತ್ತಿ, ಸ್ಕ್ರೀನನ್ನು ಎದುರಿನವರ ಕಡೆ ತಿರುಗಿಸುತ್ತಿದ್ದರು. ಎದುರಿನವರು ಓದಿದರೆಂದು ಖಾತ್ರಿಯಾದ ಮೇಲೆ ಎಲ್ಲ ಅಳಿಸಿ ಮತ್ತೆ ಬಿಳಿ ಮಾಡುತ್ತಿದ್ದರು.

ನಾನು ಸಲಹೆ ಕೊಡುವವನು, ಬಿಡುತ್ತೇನೆಯೇ? "ಭೋಜಣ್ಣ, ದಿನಾ ಹೇಳುವ ಮಾತುಗಳನ್ನು ಒಂದು ನೋಟಿನಲ್ಲಿ ರೆಡಿ ಇಟ್ಟುಕೊಳ್ಳಿ. ಚಿಲ್ಲರೆ ಇಲ್ಲ, ಪಾರ್ಸೆಲ್ ಹತ್ತು ನಿಮಿಷ, ಹೀಗೆ. ತೆರೆದು ತೋರಿಸಿದರಾಯ್ತು."

ಅವರು ನಿಧಾನವಾಗಿ ಬರೆದು ತಿರುಗಿಸಿದರು: "ಹಳೆ ಮಾತನ್ನು ಬಿಸಿ ಮಾಡಿ ಬಡಿಸುವುದಾ?"

ಬರೆದದ್ದನ್ನು ಓದಿ ಹೇಳುವ ಆಪ್ ಹಾಕಿಕೊಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಾಕಿದ್ದೆ. ಅದು ಬ್ಯಾಂಕಿನ ಫೋನಿನಲ್ಲಿ ಮಾತಾಡುವ ಹೆಂಗಸಿನ ಹಾಗೆ "ಎರಡು ವಡೆ" ಎಂದಿತು. ಇಡೀ ಹೋಟೆಲು ನಕ್ಕಿತು, ಭೋಜಣ್ಣನೂ ನಕ್ಕರು. ನಗು ಮುಗಿದ ಮೇಲೆ ಬರೆದರು: "ತೆಗಿ ಮಾರಾಯ."

ಅಲ್ಲಿ ಅವರಿಗೆ ಅದು ಬೇಕಾಗಿಯೂ ಇರಲಿಲ್ಲ. ಹೋಟೆಲಿನ ಕೆಲಸದವರೆಲ್ಲರೂ ಕನ್ನಡ ಓದುವವರು. ಒಮ್ಮೆ ಗಿರಾಕಿಯೊಬ್ಬ ಸಾಂಬಾರು ನೀರಾಗಿದೆ ಎಂದು ಗಲ್ಲದ ಎದುರು ಹಿಂದಿಯಲ್ಲಿ ರೇಗಿದ. ಭೋಜಣ್ಣ ಬರೆಯತೊಡಗಿದರು. ಅವನು ಕಾದ. ಅವನ ಹಿಂದೆ ಬಿಲ್ಲು ಕೊಡಲು ನಿಂತವರೂ ಕುತೂಹಲದಿಂದ ಕಾದರು. ರಾಯಚೂರಿನ ಶರಣಪ್ಪ ಎಂಬ ಸಪ್ಲಾಯರ್ ಬಂದು ಓದಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದ: "ನೋಡ್ರಿ, ಭೋಜಣ್ಣಾರು ಏನಂತಾರಂದ್ರ, ಸಾಂಬಾರ್ ಛಲೋ ಐತಿ, ನೀವು ಚಮಚ ಮ್ಯಾಲಿಂದ ಹಾಕೀರಿ, ತಳಕ್ಕ ಹಾಕ್ರಿ ಅಂತಾರ." ಆಮೇಲೆ ಅದನ್ನೇ ಹಿಂದಿಯಲ್ಲಿ. ಗಿರಾಕಿಗೂ ನಗು ಬಂತು. ಭೋಜಣ್ಣ ಅಳಿಸಿದರು. ಅವರ ಗಂಟಲು ಹೋಗಿತ್ತು, ಮಾತು ಹೋಗಿರಲಿಲ್ಲ. ಅವರು ಬರೆದದ್ದಕ್ಕೆ ಅಲ್ಲಿ ಯಾರದಾದರೊಂದು ಗಂಟಲು ಸಿಗುತ್ತಿತ್ತು.

ಇದು ಎಷ್ಟು ದೊಡ್ಡ ಸಂಗತಿ ಎಂದು ನನಗೆ ಆಗ ಹೊಳೆಯಲಿಲ್ಲ. ನನಗೆ ಕಂಡದ್ದು ಒಗ್ಗರಣೆಯ ಹೊಗೆ ಮತ್ತು ಅವರ ಕುತ್ತಿಗೆಯ ತೂತು. ಈ ವಯಸ್ಸಿನಲ್ಲಿ ಮಾಳಿಗೆ ಹತ್ತಿಳಿಯುವ ಕರ್ಮ ಯಾಕೆ? ನಾಲಾಸೋಪಾರಾದಲ್ಲಿ ಅವರ ತಂಗಿಯ ಮಗ ಗಣೇಶ ಫ್ಲಾಟು ಮಾಡಿದ್ದ. ಅವನನ್ನು ಕೇಳಿದೆ. "ಮಾಮ ಬರಲಿ ಅಣ್ಣ, ಒಂದು ರೂಮು ಖಾಲಿಯೇ ಉಂಟು" ಎಂದ. ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಅವನ ಮರಾಠಿ ಹೆಂಡತಿ ಸುಜಾತಾಳಿಗೂ ತೀರಿಹೋದ ಅತ್ತೆಯ ಜೊತೆ ಮಾತಾಡಿ ಕನ್ನಡ ಅರ್ಥವಾಗುತ್ತದೆ. ಇನ್ನೇನು ಬೇಕು?

ಚಿಕ್ಕ ಧಣಿಯ ಹತ್ತಿರ ನಾನೇ ಮಾತು ತೆಗೆದೆ. ಅವರು ಭೋಜಣ್ಣನನ್ನು ಕಳಿಸಬೇಕೆಂದು ಯೋಚಿಸಿಯೇ ಇರಲಿಲ್ಲ. ನಾನು ಹೊಗೆಯ ಕಥೆ ಹೇಳಿದೆ, ವಯಸ್ಸಿನ ಕಥೆ ಹೇಳಿದೆ, ಇಷ್ಟು ವರ್ಷ ದುಡಿದವರನ್ನು ಬರಿಗೈಯಲ್ಲಿ ಕಳಿಸುವುದು ಹೋಟೆಲಿನ ಹೆಸರಿಗೆ ಒಳ್ಳೆಯದಲ್ಲ ಎಂದೆ. ಔಷಧಿಯ ಖರ್ಚು ಕಡೆಯ ತನಕ ಹೋಟೆಲಿನದ್ದು ಎಂದು ಒಪ್ಪಿಸಿದೆ. ಅವರು ಸ್ವಲ್ಪವೂ ಎಳೆದಾಡದೆ ಒಪ್ಪಿದರು. ನನಗೆ ಗೆದ್ದ ಖುಷಿ.

ಈ ಮಾತೆಲ್ಲ ಆದದ್ದು ಗಲ್ಲದ ಪಕ್ಕದಲ್ಲೇ. ಭೋಜಣ್ಣ ಬರೆಯುತ್ತಿದ್ದರು. ತಲೆ ತಗ್ಗಿಸಿ, ಅಕ್ಷರ ಹುಡುಕಿ, ಒತ್ತಿ, ಮತ್ತೆ ಹುಡುಕಿ. ನಾನು ಓರೆಗಣ್ಣಿಂದ ನೋಡಿದೆ. "ನಾನು ಇಲ್ಲಿ" ಎಂಬಷ್ಟು ಆಗಿತ್ತು. ವ್ಯವಹಾರ ಕುದುರುವ ಹೊತ್ತಿಗೆ ನಡುವೆ ಮಾತು ಬಂದರೆ ಕೆಡುತ್ತದೆ. ನಾನು ಮುಚ್ಚಳದ ಮೇಲೆ ಕೈಯಿಟ್ಟು ಮೆಲ್ಲಗೆ ಮುಚ್ಚಿದೆ. "ನೀವು ಸುಮ್ಮನಿರಿ ಭೋಜಣ್ಣ, ನಾನು ನೋಡ್ಕೊಳ್ತೇನೆ."

ಅವರು ಕೈ ಹಿಂದೆಗೆದುಕೊಂಡರು.

ನಾಲಾಸೋಪಾರಾಕ್ಕೆ ನಾನೇ ಟ್ಯಾಕ್ಸಿಯಲ್ಲಿ ಬಿಟ್ಟು ಬಂದೆ. ಆಮೇಲೆ ಅಂಗಡಿ, ಗಿರಾಕಿ, ರಿಪೇರಿ. ಆಗಾಗ ಗಣೇಶನಿಗೆ ಫೋನು ಮಾಡಿದರೆ, "ಆರಾಮ್ ಇದ್ದಾರೆ ಅಣ್ಣ, ಏನೂ ಕಂಪ್ಲೇಂಟ್ ಇಲ್ಲ" ಎನ್ನುತ್ತಿದ್ದ. ನಾನು ಈ ಮಾತನ್ನು ಊರವರ ಎದುರು ಹೇಳಿಕೊಂಡು ಬೀಗಿದ್ದೂ ಉಂಟು. ಮುದುಕರ ವ್ಯವಸ್ಥೆ ಹೇಗೆ ಮಾಡಬೇಕೆಂದು ಇಬ್ಬರಿಗೆ ಸಲಹೆ ಕೊಟ್ಟೆ.

ಮಳೆಗಾಲ ಶುರುವಾಗುವ ಮೊದಲು ಒಂದು ಭಾನುವಾರ ಹೋದೆ. ಭೋಜಣ್ಣ ಕಿಟಕಿಯ ಬಳಿ ಲ್ಯಾಪ್‌ಟಾಪ್ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ಎರಡೂ ಕೈ ಎತ್ತಿದರು. ಸುಜಾತಾ ಚಹಾ ತಂದಳು. ಗಣೇಶ-ಸುಜಾತಾರ ಮಗಳು ತನ್ವಿ ಕಾಲೇಜಿಗೆ ಹೋಗುವವಳು, ಅಜ್ಜನ ಪಕ್ಕ ಬಂದು ಕೂತಳು. ನಾನು ಸ್ಕ್ರೀನ್ ನೋಡಿದೆ. ಬಿಳಿ ಇರಲಿಲ್ಲ. ಮೇಲಿಂದ ಕೆಳಗೆ ಅಕ್ಷರ. ಎಳೆದಷ್ಟೂ ಸಾಲುಗಳು.

"ಇದೇನು, ಅಳಿಸಿಯೇ ಇಲ್ಲ?" ಎಂದೆ.

ಗಣೇಶ ತಲೆ ಕೆರೆದುಕೊಂಡ. "ಮಾಮ ಬರೆದು ತೋರಿಸ್ತಾರೆ ಅಣ್ಣ. ನಮಗೆ ಓದ್ಲಿಕ್ಕೆ ಎಲ್ಲಿ ಬರ್ತದೆ? ನಾನು ಮರಾಠಿ ಸ್ಕೂಲು, ಇವಳೂ ಮರಾಠಿ, ತನ್ವಿ ಇಂಗ್ಲಿಷ್. ಮಾತು ಬರ್ತದೆ, ಅಕ್ಷರ ಬರುವುದಿಲ್ಲ."

"ಮೈನೇ ಫೋನ್ ಸೇ ಟ್ರೈ ಕಿಯಾ ಥಾ ಅಂಕಲ್" ಎಂದಳು ತನ್ವಿ. "ಟ್ರಾನ್ಸ್‌ಲೇಟ್ ಏನೇನೋ ಹೇಳ್ತದೆ. ಅಜ್ಜ ಹೌದು, ಅಲ್ಲ ಅಂತ ತಲೆ ಅಲ್ಲಾಡಿಸ್ತಾರೆ, ಅಷ್ಟೇ ನಮ್ದು ಮಾತು."

ಮುಂಬಯಿಯಲ್ಲಿ ಇಷ್ಟು ವರ್ಷ ಇದ್ದವನಿಗೆ, ನಮ್ಮವರ ಮಕ್ಕಳಿಗೆ ಕನ್ನಡ ಕಿವಿಯಲ್ಲಿ ಮಾತ್ರ ಇದೆ ಎಂಬುದು ಗೊತ್ತಿಲ್ಲದ್ದಲ್ಲ. ನನ್ನ ಮಗನೂ ಹಾಗೆಯೇ. ಆದರೆ ಫ್ಲಾಟು, ರೂಮು, ಔಷಧಿ ಎಲ್ಲ ವಿಚಾರಿಸಿದವನು ಓದಲು ಬರುತ್ತದೆಯೇ ಎಂದು ಮಾತ್ರ ಕೇಳಿರಲಿಲ್ಲ.

ನಾನು ಓದತೊಡಗಿದೆ, ಮೇಲಿಂದ, ಗಟ್ಟಿಯಾಗಿ.

"ಸುಜಾತಾ, ಚಹಾಕ್ಕೆ ಶುಂಠಿ ಜಾಸ್ತಿ ಆಯ್ತು, ಆದರೆ ರುಚಿ ಉಂಟು."

ಸುಜಾತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಭೋಜಣ್ಣ ಬೆರಳು ಚಾಚಿ ಆ ಸಾಲನ್ನು ಅಳಿಸಿದರು.

"ಬಾತ್‌ರೂಮಿನ ನಲ್ಲಿ ತೊಟ್ಟಿಕ್ಕುತ್ತದೆ. ಒಂದು ವಾಷರ್ ತಂದರೆ ನಾನೇ ಹಾಕುತ್ತೇನೆ."

"ಅರೇ ಮಾಮ, ಪ್ಲಂಬರ್ ಬಂದು ದುಡ್ಡು ಕಿತ್ಕೊಂಡು ಹೋದ" ಎಂದ ಗಣೇಶ. ಆ ಸಾಲೂ ಹೋಯಿತು.

"ತನ್ವಿಗೆ ಕೆಮ್ಮು. ತಣ್ಣಗಿನದ್ದು ಕೊಡಬೇಡಿ." ಆ ಕೆಮ್ಮು ವಾಸಿಯಾಗಿ ಬಹಳ ಕಾಲವಾಗಿತ್ತು. ತನ್ವಿ ಅಜ್ಜನ ತೋಳು ಹಿಡಿದುಕೊಂಡಳು.

"ಇವತ್ತು ಏಕಾದಶಿ, ನನಗೆ ಊಟ ಬೇಡ."

ಸುಜಾತಾಳ ನಗು ನಿಂತಿತು. "ಆ ದಿವಸ ತಾಟು ಸರಿಸಿದರು. ನನ್ನ ಕೈ ಅಡುಗೆ ಸೇರಲಿಲ್ಲ ಅಂತ ಸಿಟ್ಟು ಅಂದ್ಕೊಂಡೆ" ಎಂದು ತಡವರಿಸುವ ಕನ್ನಡದಲ್ಲಿ ಹೇಳಿದಳು. "ನಾನು ಅತ್ತುಬಿಟ್ಟೆ, ಭಾವೂಜಿ." ಭೋಜಣ್ಣ ಅವಳ ತಲೆಯ ಮೇಲೆ ಕೈಯಿಟ್ಟರು. ಆಮೇಲೆ ಅಳಿಸಿದರು.

ಆ ಮನೆ ಅಷ್ಟು ಹೊತ್ತು ಮಾತಾಡಿದ್ದನ್ನು ಗೋಡೆಗಳೂ ಕೇಳಿರಲಿಕ್ಕಿಲ್ಲ. ಭೋಜಣ್ಣನ ಮುಖ ಗಲ್ಲದಲ್ಲಿ ಕೂತ ಕಾಲದ ಮುಖವಾಗಿತ್ತು. ನನ್ನ ಕಣ್ಣು ಮುಂದಿನ ಸಾಲಿಗೆ ಹೋಯಿತು.

"ಜಗ್ಗುಗೆ ಫೋನ್ ಮಾಡಿ. ನನ್ನನ್ನು ಹೋಟೆಲಿಗೆ ವಾಪಸ್ ಕರ್ಕೊಂಡು ಹೋಗ್ಲಿಕ್ಕೆ ಹೇಳಿ. ಅಲ್ಲಿ ಓದುವವರಿದ್ದಾರೆ."

ನಾನು ಅದನ್ನು ಓದಲಿಲ್ಲ. ಅದರ ಕೆಳಗಿನದ್ದನ್ನು ಓದಿದೆ: "ಟಿವಿ ಸ್ವಲ್ಪ ಸಣ್ಣ ಮಾಡಿ." ಎಲ್ಲರೂ ನಕ್ಕರು, ತನ್ವಿ ಕ್ಷಮೆ ಕೇಳಿದಳು. ಈ ಮನೆಯವರ ಮನಸ್ಸಿಗೆ ನೋವಾಗಬಾರದು ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ನಿಜ. ಉಳಿದರ್ಧ, ನಾನು ಗೆದ್ದ ವ್ಯಾಪಾರವನ್ನು ವಾಪಸ್ ಮಾಡಲು ಚಿಕ್ಕ ಧಣಿಯ ಎದುರು ನಿಲ್ಲಬೇಕಾಗುತ್ತಿತ್ತು.

ಭೋಜಣ್ಣನ ಬೆರಳು ಏಳಲಿಲ್ಲ. ಬಿಟ್ಟ ಸಾಲನ್ನೂ ಅಳಿಸಲಿಲ್ಲ, ಓದಿದ್ದನ್ನೂ ಅಳಿಸಲಿಲ್ಲ. ನನ್ನ ಮುಖ ನೋಡಿದರು. ಕಾದರು. ಗಡಿಯಾರ ನೋಡಿ, "ಲೋಕಲ್ಲಿಗೆ ಹೊತ್ತಾಯ್ತು, ಉಳಿದದ್ದು ಬರುವ ಭಾನುವಾರ ಓದ್ತೇನೆ" ಎಂದು ಎದ್ದೆ. ಅವರು ಬಾಗಿಲ ತನಕ ಬಂದರು.

ಬರುವ ಭಾನುವಾರ ಹೋಗಲಿಲ್ಲ, ಅದರ ನಂತರದ ಭಾನುವಾರವೂ ಹೋಗಲಿಲ್ಲ. ಹೋಟೆಲಿನ ಎದುರು ಹೋಗಬೇಕಾದಾಗ ರಸ್ತೆಯ ಆಚೆ ಬದಿಯಲ್ಲಿ ನಡೆದೆ. ಮಳೆ ಜೋರಾದಾಗ ಅವರಿಗೆ ಜ್ವರ ಬಂತು, ಎದೆಗೆ ಇಳಿಯಿತು. ಗಣೇಶನ ಫೋನು ಬಂದಾಗ ಎಲ್ಲ ಮುಗಿದಿತ್ತು.

ಚಿಕ್ಕ ಧಣಿ ಸ್ಮಶಾನಕ್ಕೆ ಬಂದಿದ್ದರು. ಹೊರಡುವಾಗ ನನ್ನ ಹತ್ತಿರ ಹೇಳಿದರು: "ಗಲ್ಲದಲ್ಲಿ ಈಗ ಬೇರೆಯವ ಕೂರ್ತಾನೆ ಜಗದೀಶ, ಆದರೆ ಶರಣಪ್ಪ ಈಗಲೂ ಭೋಜಣ್ಣನನ್ನು ಕೇಳ್ತಾನೆ. ಒಮ್ಮೆ ಕರ್ಕೊಂಡು ಬರಬೇಕಿತ್ತು ನೀವು." ವಾಪಸ್ ಸೇರಿಸಿಕೊಳ್ಳಲು ಹೇಗೂ ಒಪ್ಪಲಿಕ್ಕಿಲ್ಲ ಎಂದು ನಾನು ಹೆದರಿ ಕೂತಿದ್ದ ಮನುಷ್ಯ ಅವರು.

ಉತ್ತರಕ್ರಿಯೆಯ ಊಟ ಮುಗಿದ ಮೇಲೆ ಗಣೇಶ ಲ್ಯಾಪ್‌ಟಾಪ್ ತಂದು ನನ್ನ ಮುಂದಿಟ್ಟ. "ಉಳಿದದ್ದು ಓದಿ ಅಣ್ಣ, ಏನಾದ್ರೂ ಬಾಕಿ ಹೇಳಿದ್ರೋ ಏನೋ." ಸುಜಾತಾ, ತನ್ವಿ ಬಂದು ಕೂತರು. ಆಪ್ ತೆರೆದೆ. ಮೊದಲ ಸಾಲು ಅದೇ. ಈ ಸಲ ಓದಿದೆ. ಮೂರು ವಾಕ್ಯ, ಒಂದನ್ನೂ ಬಿಡದೆ. ಅದರ ಕೆಳಗಿನ ಟಿವಿಯ ಸಾಲನ್ನೂ ಓದಿದೆ.

ಗಣೇಶ ಸ್ಕ್ರೀನನ್ನು ನೋಡಿದ, ಆವತ್ತು ಎಲ್ಲರೂ ಕೇಳಿ ನಕ್ಕಿದ್ದ ಆ ಟಿವಿಯ ಸಾಲಿನ ಮೇಲೆ ನನ್ನ ಬೆರಳು ನಿಂತದ್ದನ್ನು ನೋಡಿದ.

"ಆವತ್ತು ನೀವು ಬಂದಾಗ ಈ ಲೈನ್ ಇತ್ತಾ, ಅಣ್ಣ?"

"ಇತ್ತು" ಎಂದೆ.