ಮುಖಪುಟದ ಗಾಯಕಿ

ಸಂಗೀತ ಮಾಸಪತ್ರಿಕೆಯೊಂದಕ್ಕೆ ಮುಖಪುಟ ವಿನ್ಯಾಸ ಮಾಡುವುದು ನನ್ನ ಕೆಲಸ. ಆ ತಿಂಗಳು ನನ್ನ ಎರಡು ಮುಖಪುಟಗಳನ್ನು ಸಂಪಾದಕರು ಆಗಲೇ ಬೇಡವೆಂದಿದ್ದರು. ಮೂರನೆಯದನ್ನು ಹಿಡಿದುಕೊಂಡು ಮಾರಿಕುಪ್ಪಂನಲ್ಲಿ ರೈಲು ಹತ್ತಿದೆ. ಆ ಪುಟದ ಚಿತ್ರದಲ್ಲಿ ಗಾಯಕಿಯೊಬ್ಬಳು ಕೆಂಪು ಹಿನ್ನೆಲೆಯಲ್ಲಿ ಕಣ್ಣು ಮುಚ್ಚಿ, ಬಾಯಿ ತೆರೆದು ನಿಂತಿದ್ದಳು.

ಪಕ್ಕದಲ್ಲಿ ಕೂತಿದ್ದ, ಕೂಲಿಗೆ ಹೊರಟಿದ್ದ ಹೆಂಗಸು ಇಣುಕಿ ನೋಡಿದರು. "ಈಯಮ್ಮ ಆಡ್ತಾ ಇಲ್ಲ ಕಣಪ್ಪ, ಸುಮ್ಕೆ ಬಾಯಿ ತಕ್ಕೊಂಡು ನಿಂತವ್ಳೆ."

"ಕೆಂಪು ಬಣ್ಣ ರಾಗದ ತೀವ್ರತೆಯನ್ನು ಸೂಚಿಸುತ್ತೆ," ಎಂದು ವಿವರಿಸಿದೆ.

"ಬಣ್ಣ ಬುಡು. ಕತ್ತು ನೋಡು, ಒಂದು ನರಾನೂ ಎದ್ದಿಲ್ಲ. ಇಂಗಿರ್ಬೇಕು!" ಎಂದವರೇ ಕಳೆ ಕೀಳುವಾಗ ಹಾಡುವ ಪದವೊಂದನ್ನು ಎತ್ತಿದರು. ಊರಿಗಾಂ ನಿಲ್ದಾಣ ಬರುವಷ್ಟರಲ್ಲಿ ಇಡೀ ಬೋಗಿ ಚಪ್ಪಾಳೆ ತಟ್ಟುತ್ತಿತ್ತು. ಅವರ ಕತ್ತಿನ ನರಗಳು ತಂಬೂರಿ ತಂತಿಯಂತೆ ಬಿಗಿದಿದ್ದವು. ನಾನು ಕುಣಿಯುವುದೊಂದೇ ಬಾಕಿ. ಫೋನು ತೆಗೆದು ಕೇಳಿದೆ: "ಅಮ್ಮ, ನಿಮ್ಮ ಫೋಟೊ ಮುಖಪುಟಕ್ಕೆ ಹಾಕಲಾ?"

"ಆಕು. ಆದ್ರೆ ಮುನಿಯಮ್ಮ ಅಂತ ದೊಡ್ಡಕ್ಷರದಾಗೆ ಬರೀಬೇಕು."

ಸಂಪಾದಕರು ನೋಡಿದೊಡನೆ ಒಪ್ಪಿದರು. ನಾನೂ ಮಾತು ಉಳಿಸಿಕೊಂಡೆ, ಸ್ವಲ್ಪ ಅತಿಯಾಗಿಯೇ. ಬಂಗಾರಪೇಟೆಯ ಅಂಗಡಿಯಲ್ಲಿ ಜನ ಈಗಲೂ "ಮುನಿಯಮ್ಮ ಪತ್ರಿಕೆ ಬಂತಾ?" ಎಂದೇ ಕೇಳುತ್ತಾರೆ.